ಕನ್ನಡದ ಮೊದಲನೆಯ ವರ್ತಮಾನ ಪತ್ರವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ಹೊಸಪೇಟೆಯ ಬಸ್ಸು ನಿಲ್ದಾಣದಲ್ಲಾಗಲಿ ಕಂಪ್ಲಿಯ ಚಹದಂಗಡಿಯಲ್ಲಾಗಲಿ ಬೆಳಗಿನ ಹೊತ್ತು ಕೂತಿರುವ ಜನರನ್ನು ನೋಡಿರಿ. ಒಬ್ಬನು ವರ್ತಮಾನ ಪತ್ರವನ್ನು ಬಿಡಿಸಿಕೊಂಡು ಓದುತ್ತಿರುವನು. ಅಕ್ಷರ ತಿಳಿಯದ ಮುದುಕನೊಬ್ಬನು ಪಕ್ಕದಲ್ಲಿ ಕೂತು ಕಿವಿಗೊಡುವನು. ತುಂಗಭದ್ರೆಯ ಅಣೆಕಟ್ಟಿಗೆ ನೀರು ಎಷ್ಟು ಬಂತು, ಭತ್ತದ ಧಾರಣೆ ಏನಾಯಿತು, ಸರಕಾರದವರು ಯಾವ ಹೊಸ ಅಪ್ಪಣೆಯನ್ನು ಮಾಡಿದರು ಎಂಬುದೆಲ್ಲಾ ಕೂಲಿಯವನಿಗೂ ಸಾಹುಕಾರನಿಗೂ ಒಂದೇ ಹೊತ್ತಿನಲ್ಲಿ ತಿಳಿಯುತ್ತದೆ. ಇದು ಹಿಂದಿನ ಕಾಲದಲ್ಲಿ ಇರಲಿಲ್ಲ. ಅಮಲ್ದಾರನಿಗೆ ತಿಳಿದದ್ದು ಶಾನುಭೋಗನಿಗೆ ತಿಳಿಯುತ್ತಿತ್ತು. ಶಾನುಭೋಗನು ಹೇಳಿದಷ್ಟೇ ಊರಿಗೆ ತಿಳಿಯುತ್ತಿತ್ತು. ಈ ಕಟ್ಟನ್ನು ಕನ್ನಡದಲ್ಲಿ ಮೊದಲು ಬಿಚ್ಚಿದವರು ಹೆರ್ಮನ್ ಮೋಗ್ಲಿಂಗ್ ಎಂಬ ಮಿಶನೆರಿ ಅಯ್ಯನವರು. ಅವರು ಹೊರಡಿಸಿದ ಪತ್ರಿಕೆಯ ಮೊದಲ ಸಂಚಿಕೆ ೧೮೪೩ನೆಯ ಜುಲೈ ೧ರಂದು ಪ್ರಕಟವಾದ ಕಾರಣ ಇಂದಿಗೂ ಆ ದಿನವನ್ನು ನಮ್ಮ ರಾಜ್ಯದ ಪತ್ರಕರ್ತರೆಲ್ಲರೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆ ಪತ್ರಿಕೆಗೂ ನಮ್ಮ ಬಳ್ಳಾರಿ ಸೀಮೆಗೂ ಒಂದು ಸಂಬಂಧ ಉಂಟು. ಅವರು ಕೂಡಿಸಿಟ್ಟ ಗ್ರಂಥಗಳಿಗೂ ನಮ್ಮ ಹಂಪೆಗೂ ಇನ್ನೊಂದು ಸಂಬಂಧ ಉಂಟು. ಇವೆರಡನ್ನೂ ನಮ್ಮ ಸಭೆಯವರು ತಿಳಿದುಕೊಳ್ಳುವದು ಒಳ್ಳೇದು.

೧. ಜನನವೂ ಕರೆಯೂ

ಮೋಗ್ಲಿಂಗ್ ಅಯ್ಯನವರು ೧೮೧೧ನೆಯ ಮೇ ೨೯ರಂದು ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ದ್ರಾಕ್ಷೇತೋಟಗಳ ಆ ಸೀಮೆಯು ಆಗಿನ ಕಾಲದಲ್ಲಿ ಭಕ್ತಿಯುಳ್ಳ ಕುಟುಂಬಗಳಿಗೆ ಹೆಸರಾಗಿತ್ತು. ಬುದ್ಧಿವಂತನಾದ ಹುಡುಗನು ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ದೇವಶಾಸ್ತ್ರವನ್ನು ಕಲಿತನು. ಸ್ವದೇಶದಲ್ಲಿ ಒಂದು ಸಭೆಯ ಪಾಲಕನಾಗಿ ಮರ್ಯಾದೆಯಿಂದ ಕಾಲ ಕಳೆಯುವದು ಅವನಿಗೆ ಸುಲಭವಾದ ದಾರಿಯಾಗಿತ್ತು. ಆದರೆ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಸಂಸ್ಥೆಗೆ ತನ್ನನ್ನು ಒಪ್ಪಿಸಿಕೊಟ್ಟನು.

೧೮೩೩ರಲ್ಲಿ ಕಂಪೆನಿ ಸರಕಾರದ ಸನ್ನದು ಹೊಸದಾದಾಗ ಆಂಗ್ಲರಲ್ಲದ ಮಿಶನೆರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರುಷ, ಅಂದರೆ ೧೮೩೪ರಲ್ಲಿ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ೧೮೩೬ರಲ್ಲಿ ಮೋಗ್ಲಿಂಗ್ ಅಯ್ಯನವರು ಅವರನ್ನು ಕೂಡಿಕೊಂಡರು. ಆಗ ಅವರಿಗೆ ೨೫ ವರುಷ ಪ್ರಾಯ.

೨. ಹುಡುಗರ ಜೊತೆಯಲ್ಲಿ ವಾಸ

ಬಂದವರು ಮೊದಲು ಮಾಡಿದ ಕೆಲಸ ಕನ್ನಡವನ್ನು ಕಲಿತದ್ದು. ಕಲಿತದ್ದು ಅಂದರೆ ಪೇಟೆಯಲ್ಲಿ ಸಾಮಾನು ಕೊಳ್ಳುವಷ್ಟಲ್ಲ, ಪ್ರಸಂಗವನ್ನು ಬರೆದುಕೊಂಡು ಓದುವಷ್ಟೂ ಅಲ್ಲ. ಮುನ್ಷಿಗಳ ಬಳಿಯಲ್ಲಿ ಕೂತು ಗಾದೆಗಳನ್ನು ಕೇಳಿದರು, ಪದಗಳನ್ನು ಹಾಡಿಸಿದರು, ಓಲೆಗರಿಯ ಕಟ್ಟುಗಳನ್ನು ಬಿಚ್ಚಿಸಿ ಓದಿಸಿದರು. ಭಾಷೆಯನ್ನು ಅದನ್ನಾಡುವ ಜನರಿಂದಲೇ ಕಲಿಯಬೇಕೆಂಬ ಪಾಠ ಅವರಿಗೆ ಬೇಗನೆ ಮನಸ್ಸಿಗೆ ಬಂತು.

ಮಂಗಳೂರಿನ ಬಲ್ಮಠದಲ್ಲಿ ಉಪದೇಶಿಗಳಾಗತಕ್ಕ ಹುಡುಗರನ್ನು ಕೂಡಿಸಿ ಕಲಿಸುವ ಕೆಲಸವು ಅವರ ಪಾಲಿಗೆ ಬಂತು. ಆ ಕೆಲಸದಿಂದಲೇ ಮುಂದೆ ದೇವಜ್ಞಾನಶಾಲೆ ಬೆಳೆಯಿತು. ಅದೇ ಸ್ಥಳದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಇಂದಿಗೂ ನಡೆಯುತ್ತದೆ. ಮೋಗ್ಲಿಂಗ್ ಅಯ್ಯನವರು ಹುಡುಗರನ್ನು ಒಂದು ಮನೆಯಲ್ಲಿ ಇಟ್ಟು ತಾವು ಬೇರೊಂದು ಬಂಗಲೆಯಲ್ಲಿ ಇರಲು ಒಪ್ಪಲಿಲ್ಲ. ಹುಡುಗರ ಜೊತೆಯಲ್ಲಿ ವಾಸಮಾಡಿದರು. ಈ ದೇಶದವರ ಊಟವನ್ನು ಅವರೊಡನೆ ಉಂಡರು. ಬಿಳೀ ಜನರು ಈ ದೇಶದವರಿಂದ ದೂರವಾಗಿರುವದೇ ಮರ್ಯಾದೆ ಎಂದು ಎಣಿಸುತ್ತಿದ್ದ ಕಾಲದಲ್ಲಿ ಇದು ಚಿಕ್ಕ ಸಂಗತಿಯಾಗಿರಲಿಲ್ಲ. ಜೊತೆಯವರಲ್ಲಿ ಕೆಲವರು ಮೆಚ್ಚಲಿಲ್ಲ. ಬಾಸೆಲಿನ ಹಿರಿಯರಿಗೂ ಅವರಿಗೂ ಇಂಥ ವಿಷಯಗಳಲ್ಲಿ ಭೇದಗಳು ಹುಟ್ಟಿದವು. ಅವರ ಸ್ವಭಾವವು ದುಡುಕಿನದು; ತಮಗೆ ಸರಿಯೆಂದು ಕಂಡದ್ದನ್ನು ಅಪ್ಪಣೆ ಬರುವ ತನಕ ತಡೆದಿಡುವದು ಅವರಿಂದ ಆಗುತ್ತಿರಲಿಲ್ಲ. ಅವರ ಗುಣವೂ ಕುಂದೂ ಈ ಒಂದೇ ಬೇರಿನಿಂದ ಹುಟ್ಟಿದವೆಂದು ಅವರ ಚರಿತ್ರೆಯನ್ನು ಓದುವವರಿಗೆ ತೋರದೆ ಇರದು.

೩. ಮಂಗಳೂರ ಸಮಾಚಾರ

ನಮ್ಮ ದೇಶದಲ್ಲಿ ಅಚ್ಚಾದ ಮೊದಲನೆಯ ವರ್ತಮಾನ ಪತ್ರವು ೧೭೮೦ರಲ್ಲಿ ಕಲಕತ್ತೆಯಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಹೊರಟಿತು. ೧೮೧೮ರಲ್ಲಿ ಸೇರಾಂಪುರದ ಮಿಶನೆರಿಗಳು ಬಂಗಾಳಿಯಲ್ಲಿ ಸಮಾಚಾರ ದರ್ಪಣವನ್ನು ಹೊರಡಿಸಿದರು. ೧೮೨೨ರಲ್ಲಿ ಮುಂಬಯಿಯಲ್ಲಿ ಗುಜರಾತಿ ಪತ್ರವೊಂದು ಹುಟ್ಟಿತು. ಕನ್ನಡಕ್ಕೆ ಮಾತ್ರ ಒಂದೂ ಇರಲಿಲ್ಲ. ಮೋಗ್ಲಿಂಗ್ ಅಯ್ಯನವರು ೧೮೪೩ರ ಜುಲೈ ತಿಂಗಳಲ್ಲಿ ಮಂಗಳೂರ ಸಮಾಚಾರವೆಂಬ ಹೆಸರಿನಿಂದ ಈ ಕೊರತೆಯನ್ನು ತೀರಿಸಿದರು. ಅದು ೧೫ ದಿನಗಳಿಗೆ ಒಂದಾವರ್ತಿ ಹೊರಡುತ್ತಿತ್ತು. ಪುಟಗಳು ನಾಲ್ಕು, ಬೆಲೆ ಒಂದು ದುಡ್ಡು.

ನಾಲ್ಕೇ ಪುಟಗಳಲ್ಲಿ ಏನೇನು ಇತ್ತೆಂದರೆ, ಊರಿನ ವರ್ತಮಾನ, ಸರಕಾರದ ನಿರೂಪಗಳು, ಹೊಸದಾದ ಆಜ್ಞೆಗಳು, ಅನ್ಯ ರಾಜ್ಯಗಳ ಸುದ್ದಿ, ಸುಬುದ್ಧಿಯ ಮಾತುಗಳು, ಕಥೆಗಳು, ಮತ್ತು ಪುರಂದರದಾಸರ ಪದಗಳು. ಕಡೆಯದನ್ನು ವಾಚಕರು ಗಮನಿಸಬೇಕು. ಒಬ್ಬ ಕ್ರೈಸ್ತ ಮಿಶನೆರಿಯು ನಡಿಸಿದ ಪತ್ರಿಕೆಯಲ್ಲಿ ದಾಸರ ಪದಕ್ಕೆ ಸ್ಥಳ ದೊರೆಯಿತು. ಪತ್ರಿಕೆಯು ಸಭೆಯವರಿಗೆ ಮಾತ್ರ ಎಂದು ಅವರು ಎಣಿಸಲಿಲ್ಲ. ಕನ್ನಡ ಓದಬಲ್ಲ ಎಲ್ಲರಿಗೂ ಆಗಲಿ ಎಂದು ನಡಿಸಿದರು. ಆದುದರಿಂದ ಅದು ಮಂಗಳೂರಿನಲ್ಲೇ ನಿಲ್ಲದೆ ಘಟ್ಟವನ್ನು ಹತ್ತಿ ಮೈಸೂರು, ತುಮಕೂರು, ಶಿವಮೊಗ್ಗೆ, ಹುಬ್ಬಳ್ಳಿಯ ತನಕ ಹೋಯಿತು.

ಆ ಪತ್ರಿಕೆಯು ಅಚ್ಚಾಗುತ್ತಿದ್ದದ್ದು ಕಲ್ಲಿನ ಮೇಲೆ. ಅದರ ಬಗೆಯು ಹೀಗೆ: ಅಕ್ಷರ ಚೆನ್ನಾಗಿ ಬರೆಯುವವನೊಬ್ಬನು ಜಿಡ್ಡುಳ್ಳ ಮಸಿಯಿಂದ ಕಾಗದದ ಮೇಲೆ ಬರೆಯುವನು. ಆ ಕಾಗದವನ್ನು ನುಣುಪಾದ ಸುಣ್ಣದ ಕಲ್ಲಿನ ಮೇಲೆ ಒತ್ತಿದರೆ ಬರಹವೆಲ್ಲಾ ಕಲ್ಲಿಗೆ ಅಂಟುವದು. ತರುವಾಯ ಕಲ್ಲಿಗೆ ನೀರು ಸವರುವರು. ಎಣ್ಣೆ ಚೆಲ್ಲಿದ ಒರಳಿನ ಮೇಲೆ ನೀರು ನಿಲ್ಲದೆ ಜಾರುವಂತೆ, ಬರಹವಿರುವ ಕಡೆ ನೀರು ನಿಲ್ಲದು. ಬರಹವಿಲ್ಲದ ಕಡೆ ನಿಲ್ಲುವದು. ಆಗ ಮಸಿಯ ಉರುಳೆಯನ್ನು ಉರುಳಿಸಿದರೆ ಮಸಿಯು ಅಕ್ಷರಗಳಿಗೆ ಮಾತ್ರ ಹತ್ತುವದು. ಅದರ ಮೇಲೆ ಕಾಗದವನ್ನಿಟ್ಟು ಒತ್ತಿ ತೆಗೆದರೆ ಪುಟ ಸಿದ್ಧ. ಈ ಕಲ್ಲಚ್ಚಿಗೆ ಅಚ್ಚುಮೊಳೆಗಳು ಬೇಡ. ಒತ್ತು, ದೀರ್ಘ, ಕೊಂಬು, ಗುಣಿತವೆಂದು ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕಾಗುತ್ತಿದ್ದ ಕಾಲದಲ್ಲಿ ಇದು ದೊಡ್ಡ ಅನುಕೂಲ. ಪರಂತು ಕೆಲಸವು ನಿಧಾನ, ಪ್ರತಿಗಳು ಹೆಚ್ಚಾದಂತೆ ಕಷ್ಟವೂ ಹೆಚ್ಚು.

೪. ಬಳ್ಳಾರಿಯ ಮುದ್ರಾಶಾಲೆ

ಇಲ್ಲಿ ನಮ್ಮ ಸೀಮೆಯ ಹೆಸರು ಬರುತ್ತದೆ. ಆ ಕಾಲದಲ್ಲಿ ಕನ್ನಡದ ಅಚ್ಚುಮೊಳೆಗಳು ದೊರಕುತ್ತಿದ್ದ ಕೆಲವೇ ಸ್ಥಳಗಳಲ್ಲಿ ಬಳ್ಳಾರಿ ಒಂದು. ೧೮೧೦ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅಯ್ಯನವರು ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಕೈಹಾಕಿದ್ದರು. ಯಾವ ವ್ಯಾಕರಣವೂ ನಿಘಂಟೂ ಸುಲಭವಾಗಿ ದೊರೆಯದ ದಿನಗಳಲ್ಲಿ ಅವರು ವರುಷ ವರುಷ ಶ್ರಮಪಟ್ಟರು. ೧೮೩೧ರಲ್ಲಿ ಸತ್ಯವೇದವೆಲ್ಲವೂ ಕನ್ನಡದಲ್ಲಿ ಪೂರ್ತಿಯಾಯಿತು. ಅವರ ಜೊತೆಯವರಾದ ವಿಲಿಯಮ್ ರೀವ್ ಅಯ್ಯನವರು ೧೮೨೪ರಲ್ಲಿಯೂ ೧೮೩೨ರಲ್ಲಿಯೂ ಎರಡು ದೊಡ್ಡ ನಿಘಂಟುಗಳನ್ನು ಪ್ರಕಟಿಸಿದರು. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸುತ್ತಿನ ಹಳ್ಳಿಗಳಿಗೆ ಸುವಾರ್ತೆಯ ಬೀಜ ಬಂದದ್ದು ಈ ಬಳ್ಳಾರಿಯ ಕಣಜದಿಂದಲೇ.

ಮಂಗಳೂರಿನಲ್ಲಿ ಕಲ್ಲಚ್ಚು ಸಾಲದೆ ಹೋದಾಗ ಮೋಗ್ಲಿಂಗ್ ಅಯ್ಯನವರು ಬಳ್ಳಾರಿಯ ಕಡೆಗೆ ನೋಡಿದರು. ೧೮೪೪ರ ಮಾರ್ಚ್ ತಿಂಗಳಿಂದ ಪತ್ರಿಕೆಯು ಬಳ್ಳಾರಿಯಲ್ಲಿ ಮೊಳೆಯಚ್ಚಿನಿಂದ ಹೊರಡಲು ತೊಡಗಿತು. ಹೆಸರನ್ನೂ ಬದಲಾಯಿಸಿ ಕನ್ನಡ ಸಮಾಚಾರವೆಂದು ಇಟ್ಟರು. ಒಂದು ಊರಿನ ಸಮಾಚಾರವು ಒಂದು ಭಾಷೆಯ ಸಮಾಚಾರವಾಯಿತು. ಮೈಸೂರು ಸೀಮೆ ಒಬ್ಬರ ಕೈಯಲ್ಲಿ, ಧಾರವಾಡವು ಮುಂಬಯಿ ಆಧಿಪತ್ಯದಲ್ಲಿ, ಬಳ್ಳಾರಿ ಮಂಗಳೂರುಗಳು ಮದ್ರಾಸಿನ ಆಧಿಪತ್ಯದಲ್ಲಿ ಹೀಗೆ ಕನ್ನಡನಾಡು ಚೂರುಚೂರಾಗಿದ್ದಾಗ, ಎಲ್ಲಾ ಕನ್ನಡಿಗರಿಗೂ ಒಂದೇ ಪತ್ರಿಕೆ ಎಂಬ ಆಲೋಚನೆಯು ಕಾಲಕ್ಕೆ ಮುಂದಾದದ್ದು. ಕನ್ನಡ ಸೀಮೆಗಳೆಲ್ಲವೂ ಒಂದೇ ರಾಜ್ಯವಾಗಿ ಕೂಡಿದ್ದು ೧೯೫೬ರಲ್ಲಿ ಎಂಬುದನ್ನು ನೆನಸಿದರೆ ಇದು ಎಷ್ಟು ಮುಂಚಿತವಾದ ಮಾತೆಂದು ತಿಳಿಯುವದು.

ಮಂಗಳೂರಿಗೂ ಬಳ್ಳಾರಿಗೂ ಇಂದಿನ ದಾರಿಯಲ್ಲಿ ಸುಮಾರು ೪೦೦ ಕಿಲೋಮೀಟರು. ಆಗ ರೈಲು ಇಲ್ಲ, ಘಟ್ಟದಲ್ಲಿ ಒಳ್ಳೆಯ ರಸ್ತೆಯೂ ಇಲ್ಲ. ಒಂದು ಊರಿನಲ್ಲಿ ಬರೆದು ಇನ್ನೊಂದು ಊರಿನಲ್ಲಿ ಅಚ್ಚುಹಾಕಿಸುವ ಪತ್ರಿಕೆಯ ಕಷ್ಟವನ್ನು ಯಾರಾದರೂ ಊಹಿಸಬಹುದು. ಎರಡು ಹೆಸರುಗಳಲ್ಲಿ ಅದು ಬಾಳಿದ ಕಾಲವು ಚಿಕ್ಕದು. ಆದರೆ ಹಿಟ್ಟು ಹುಳಿ ಹಿಡಿಯುವದಕ್ಕೆ ಹೆಪ್ಪು ಬಹಳ ಬೇಕಾಗಿಲ್ಲ.

೫. ಆನಂದರಾಯನ ದೀಕ್ಷಾಸ್ನಾನ

ಪತ್ರಿಕೆಯು ಬಳ್ಳಾರಿಗೆ ಬರುವದಕ್ಕೆ ಎರಡು ತಿಂಗಳು ಮುಂಚೆ ಮಂಗಳೂರಿನಲ್ಲಿ ಬೇರೊಂದು ಸಂಗತಿಯು ಜರುಗಿತು. ೧೮೪೪ನೆಯ ಜನವರಿ ೬ರಂದು ಸಾರಸ್ವತ ಬ್ರಾಹ್ಮಣ ಕುಲದ ಮೂವರು ಯೌವನಸ್ಥರು ದೀಕ್ಷಾಸ್ನಾನ ಹೊಂದಿದರು. ಅವರಲ್ಲಿ ಆನಂದರಾಯ ಕೌಂಡಿನ್ಯನೆಂಬವನು ಮುಖ್ಯನು. ಊರೆಲ್ಲಾ ಕದಡಿತು. ಆನಂದರಾಯನು ತನ್ನ ಬಂಧುಗಳನ್ನೂ ಮನೆಯನ್ನೂ ಕುಲದ ಮಾನವನ್ನೂ ಅಗಲಬೇಕಾಯಿತು. ಮೋಗ್ಲಿಂಗ್ ಅಯ್ಯನವರು ಅವನಿಗೆ ತಂದೆಯ ಸ್ಥಾನದಲ್ಲಿ ನಿಂತರು. ಅವರ ಹೆಸರೇ ಅವನ ಹೊಸ ಹೆಸರಿನಲ್ಲಿ ಕೂಡಿ ಅವನು ಹೆರ್ಮನ್ ಆನಂದರಾಯ ಕೌಂಡಿನ್ಯನೆನಿಸಿಕೊಂಡನು. ೧೮೪೬ರಲ್ಲಿ ಅವನು ಬಾಸೆಲಿಗೆ ಹೋಗಿ ಅಲ್ಲಿನ ಮಿಶನ್ ಶಾಲೆಯಲ್ಲಿ ಕಲಿತು ೧೮೫೧ರಲ್ಲಿ ಬೋಧಕದೀಕ್ಷೆಯನ್ನು ಹೊಂದಿ ಸ್ವದೇಶಕ್ಕೆ ಹಿಂತಿರುಗಿದನು.

ದೀಕ್ಷಾಸ್ನಾನದ ಮರುವರುಷ ಮೋಗ್ಲಿಂಗ್ ಅಯ್ಯನವರು ಜಾತಿವಿಚಾರಣೆ ಎಂಬ ಪುಸ್ತಕವನ್ನು ಪ್ರಕಟಿಸಿದರು. ಜಾತಿಯ ಕಟ್ಟನ್ನು ಅದರಲ್ಲಿ ಬಲವಾಗಿ ಖಂಡಿಸಿದರು. ದೇವವಿಚಾರಣೆ, ಹೃದಯದರ್ಪಣ ಮುಂತಾದ ಬೇರೆ ಪುಸ್ತಕಗಳನ್ನೂ ಬರೆದರು. ಈ ಬರಹಗಳಲ್ಲಿ ಕೆಲವು ಕಡೆ ಬಿರುಸು ಹೆಚ್ಚೆಂಬದು ನಿಜ. ನೆರೆಯವನ ದೇವಾರಾಧನೆಯ ವಿಷಯದಲ್ಲಿ ಆ ಕಾಲದ ಮಿಶನೆರಿಗಳು ಆಡಿದ ಬಿರುನುಡಿಗಳನ್ನು ಇಂದು ನಾವು ಆಡುವದು ತರವಲ್ಲ. ಆಡಿದರೆ ನೆರೆಯವನ ಮನಸ್ಸು ನೋಯುವದೇ ಹೊರತು ತಿರುಗದು. ಒಂದೇ ಕೈ ಖಂಡನೆಯನ್ನೂ ಬರೆಯಿತು, ದಾಸರ ಪದವನ್ನೂ ಅಚ್ಚುಹಾಕಿಸಿತು. ಎರಡನ್ನೂ ಅರಿತವನೇ ಆ ಮನುಷ್ಯನನ್ನು ಅರಿತವನು.

೬. ಓಲೆಗರಿಯ ಗ್ರಂಥಗಳನ್ನು ಉಳಿಸಿದ್ದು

ಈಗ ಅವರ ಕೆಲಸಗಳಲ್ಲಿ ಎಲ್ಲಕ್ಕೂ ದೊಡ್ಡದಾದದ್ದಕ್ಕೆ ಬರುತ್ತೇವೆ. ಕನ್ನಡದ ಹಳೆಯ ಕಾವ್ಯಗಳೂ ಪುರಾಣಗಳೂ ಆಗ ಓಲೆಗರಿಗಳಲ್ಲಿ ಮಾತ್ರ ಇದ್ದವು. ಮಠದ ಗೂಡಿನಲ್ಲಿ ಒಂದು ಕಟ್ಟು, ಶಾನುಭೋಗನ ಅಟ್ಟದ ಮೇಲೆ ಒಂದು ಕಟ್ಟು, ಗೆದ್ದಲಿಗೆ ಅರ್ಧ, ಮಳೆಗೆ ಅರ್ಧ. ಒಂದು ಗ್ರಂಥವನ್ನು ಓದಬೇಕಾದರೆ ಅದು ಇರುವವನ ದಯವನ್ನು ಕಾದಿರಬೇಕು. ಕೀಳುಜಾತಿಯೆಂದು ಹೆಸರಿಟ್ಟು ದೂರ ನಿಲ್ಲಿಸಿದವನಿಗೆ ಆ ಕಟ್ಟನ್ನು ಮುಟ್ಟುವ ಅಪ್ಪಣೆಯೇ ಇಲ್ಲ.

ಕಾಸಮೇಜರ್ ಎಂಬ ಆಂಗ್ಲ ಅಧಿಕಾರಿಯು ಉದ್ಯೋಗದಿಂದ ನಿವೃತ್ತನಾಗಿದ್ದನು. ಈ ಗ್ರಂಥಗಳನ್ನು ಅಚ್ಚುಹಾಕಿಸುವದಕ್ಕೆ ಅವನು ಹಣದ ಸಹಾಯವನ್ನು ಮಾಡಿದನು. ಮೋಗ್ಲಿಂಗ್ ಅಯ್ಯನವರು ಪ್ರತಿಗಳನ್ನು ಹುಡುಕಿಸಿ ತರಿಸಿ, ಪಂಡಿತರ ಸಹಾಯದಿಂದ ತಿದ್ದಿಸಿ, ೧೮೪೮ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಮಂಗಳೂರಿನ ಕಲ್ಲಚ್ಚಿನಲ್ಲಿ ಹೊರಡಿಸತೊಡಗಿದರು. ಲಕ್ಷ್ಮೀಶನ ಜೈಮಿನಿ ಭಾರತ, ತೊರವೆಯ ರಾಮಾಯಣ, ಭೀಮಕವಿಯ ಬಸವಪುರಾಣ, ಚನ್ನಬಸವಪುರಾಣ, ಕನಕದಾಸರ ಭಕ್ತಿಸಾರ, ದಾಸರ ಪದಗಳು, ಇವು ಆ ಮಾಲೆಯಲ್ಲಿ ಬೆಳಕು ಕಂಡವು. ಸಾವಿರಾರು ಗಾದೆಗಳನ್ನೂ ಅವರು ಕೂಡಿಸಿ ಪ್ರಕಟಿಸಿದರು.

ಇವುಗಳಲ್ಲಿ ಎರಡು ನಮ್ಮ ಹಂಪೆಯವು. ಚನ್ನಬಸವಪುರಾಣವನ್ನು ಬರೆದ ವಿರೂಪಾಕ್ಷ ಪಂಡಿತನು ವಿಜಯನಗರದವನು. ೧೫೬೫ರ ಯುದ್ಧದಿಂದ ಪಟ್ಟಣವು ಹಾಳಾದ ತರುವಾಯ, ೧೫೮೪ರಲ್ಲಿ, ಅವನು ಆ ಗ್ರಂಥವನ್ನು ಮುಗಿಸಿದನು. ಪುರಂದರದಾಸರು ಬದುಕಿನ ಕಡೆಯ ದಿನಗಳನ್ನು ಹಂಪೆಯಲ್ಲಿ ಕಳೆದರೆಂದು ಹೇಳುತ್ತಾರೆ. ವಿಠ್ಠಲನ ಗುಡಿಯ ಬಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಅವರ ಹೆಸರಿನ ಮಂಟಪವನ್ನು ನಮ್ಮಲ್ಲಿ ನೋಡದವರು ಯಾರು? ಹೊಳೆ ತುಂಬಿದಾಗ ಆ ಮಂಟಪದೊಳಗೆ ನೀರು ನುಗ್ಗುವದನ್ನು ದನಕಾಯುವ ಹುಡುಗರೂ ಬಲ್ಲರು. ಆ ದಾಸರ ಪದಗಳು ಬಾಯಿಂದ ಬಾಯಿಗೆ ಬಂದಿದ್ದವು. ಅವನ್ನು ಕೂಡಿಸಿ ಪುಸ್ತಕವಾಗಿ ೧೮೫೦ರಲ್ಲಿ ಅಚ್ಚುಹಾಕಿಸಿದವರು ಸಮುದ್ರದಾಚೆಯಿಂದ ಬಂದ ಒಬ್ಬ ಕ್ರೈಸ್ತ ಬೋಧಕರು.

ಇದನ್ನು ಕೇಳಿ ಸಭೆಯವರಲ್ಲಿ ಕೆಲವರು ಆಶ್ಚರ್ಯಪಡಬಹುದು. ಅವರು ಆ ಪುರಾಣಗಳ ದೇವರುಗಳನ್ನು ನಂಬಲಿಲ್ಲ. ನಂಬದವರೆಂದು ಬಹಿರಂಗವಾಗಿ ಬರೆದವರು. ಹಾಗಾದರೆ ಅವುಗಳಿಗಾಗಿ ಕಣ್ಣುಗಳನ್ನೂ ಆರೋಗ್ಯವನ್ನೂ ಯಾಕೆ ಸವೆಯಿಸಿದರು? ಅವರ ಕೆಲಸವನ್ನು ಒಟ್ಟಿನಲ್ಲಿ ನೋಡಿದರೆ ಮೂರು ಕಾರಣಗಳು ಕಾಣುತ್ತವೆ. ಮೊದಲನೇದು, ಉಪದೇಶಿಯಾಗುವವನು ಒಳ್ಳೆಯ ಕನ್ನಡವನ್ನು ಬಲ್ಲವನಾಗಿರಬೇಕು. ಪಾದ್ರಿಯ ಕನ್ನಡವೆಂದು ಊರವರು ನಗುವಂಥ ಮಾತಿನಿಂದ ಸುವಾರ್ತೆಯನ್ನು ಹೇಳಿದರೆ ನಗೆ ನಿಲ್ಲುವದು, ಸುವಾರ್ತೆ ನಿಲ್ಲದು. ಎರಡನೇದು, ಜನರ ಹೃದಯವನ್ನು ತಿಳಿಯಬೇಕಾದರೆ ಅವರು ಹಾಡುವ ಹಾಡನ್ನೂ ಆಡುವ ಗಾದೆಯನ್ನೂ ತಿಳಿಯಬೇಕು. ಮೂರನೇದು, ಭಾಷೆಯು ಯಾವ ಒಂದು ಜಾತಿಯವರ ಸೊತ್ತೂ ಅಲ್ಲ; ಅದು ದೇವರು ಒಂದು ಜನಾಂಗಕ್ಕೆ ಕೊಟ್ಟ ದಾನ. ಓಲೆಗರಿಯ ಕಟ್ಟನ್ನು ಅಚ್ಚಿಗೆ ಕೊಟ್ಟ ದಿನವೇ ಅದನ್ನು ಮುಟ್ಟಲು ಯಾರ ಅಪ್ಪಣೆಯೂ ಬೇಡವಾಯಿತು.

ದಾಸರ ಪದಗಳಲ್ಲಿ ಕೆಲವನ್ನು ಅವರು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿಯೂ ಪ್ರಕಟಿಸಿದರು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕನ್ನಡಕ್ಕೆ ಮಾಡಿದ ಈ ಸೇವೆಗಾಗಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

೭. ಕೊಡಗಿಗೆ ಹೋದದ್ದು

೧೮೫೨ರ ಹೊತ್ತಿಗೆ ಅವರ ಶರೀರವು ಬಳಲಿತ್ತು. ಸ್ವದೇಶಕ್ಕೆ ಹೋಗಬೇಕೆಂಬ ಆಲೋಚನೆಯಲ್ಲಿ ಇದ್ದಾಗ ಕೊಡಗಿನ ಅಲಮಂಡ ಮನೆತನದ ಸೋಮಯ್ಯನೆಂಬವನು ದೀಕ್ಷಾಸ್ನಾನವನ್ನು ಬಯಸಿ ಮಂಗಳೂರಿಗೆ ಬಂದನು. ಕೊಡಗಿನಲ್ಲಿ ಆಗ ಬಾಸೆಲಿನವರ ಕೆಲಸ ಇರಲಿಲ್ಲ. ಹೋಗೆಂದು ಹಿರಿಯರ ಅಪ್ಪಣೆಯೂ ಇರಲಿಲ್ಲ. ಮೋಗ್ಲಿಂಗ್ ಅಯ್ಯನವರು ಪ್ರಯಾಣವನ್ನು ಬಿಟ್ಟು ಸೋಮಯ್ಯನ ನಾಡಿಗೆ ಹೋದರು. ಸಂಸ್ಥೆಯ ಆಶ್ರಯವನ್ನು ನೆಚ್ಚದೆ ಸ್ನೇಹಿತರ ಸಹಾಯದಿಂದ ಅಲ್ಲಿ ಕೆಲಸವನ್ನು ನಡಿಸಿದರು. ಕೆಲವು ವರುಷಗಳ ತರುವಾಯ ಮಿಶನ್ನಿನವರೇ ಆ ಕೆಲಸವನ್ನು ಕೈಗೆ ತಕ್ಕೊಂಡರು. ಸೋಮಯ್ಯನು ಸ್ತೆಫನನೆಂಬ ಹೆಸರನ್ನು ಹೊಂದಿ ತನ್ನವರಿಂದ ಬಹು ಕಷ್ಟವನ್ನು ಸಹಿಸಿದನು.

ಕೊಡಗಿನಲ್ಲಿಯೂ ಅವರ ಲೇಖನಿ ಸುಮ್ಮನಿರಲಿಲ್ಲ. ೧೮೫೫ರಲ್ಲಿ ಆ ದೇಶದ ಚರಿತ್ರೆಯನ್ನೂ ಅಲ್ಲಿನ ಅರಸರ ಕಥೆಯನ್ನೂ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಕೊಡಗಿನ ವಿಷಯವಾಗಿ ಇಂದು ಬರೆಯುವವರೂ ಆ ಪುಸ್ತಕವನ್ನು ನೋಡದೆ ಮುಂದುವರಿಯುವದಿಲ್ಲ.

ಆದರೆ ಕೊಡವ ಮನೆತನಗಳಿಂದ ಅವರು ನಿರೀಕ್ಷಿಸಿದಷ್ಟು ಜನರು ಬರಲಿಲ್ಲ. ಬಂದವರು ಬೇರೆ ಜನರು. ತೋಟಗದ್ದೆಗಳಲ್ಲಿ ಇತರರ ಆಳುಗಳಾಗಿ ದುಡಿಯುತ್ತಿದ್ದ ಹೊಲೆಯರು ಸುವಾರ್ತೆಯನ್ನು ಕೇಳಿ ಬಂದರು. ಅವರಿಗಾಗಿ ಆನಂದಪುರವೆಂಬ ಗ್ರಾಮವು ಹುಟ್ಟಿತು. ಆ ಗ್ರಾಮದಲ್ಲಿ ಸಭೆಯನ್ನು ಕಾದವರು ಯಾರು? ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಅದೇ ಹೆರ್ಮನ್ ಆನಂದರಾಯ ಕೌಂಡಿನ್ಯ ಅಯ್ಯನವರು. ನೆರಳು ಸೋಕಿದರೆ ಮೈಲಿಗೆಯೆಂದು ಬಾಲ್ಯದಲ್ಲಿ ಕಲಿತವನು ಅವರೊಂದಿಗೆ ಒಂದೇ ಮೇಜಿನಿಂದ ಕರ್ತನ ಭೋಜನವನ್ನು ತಕ್ಕೊಂಡನು. ಜಾತಿಯ ವಿಷಯದಲ್ಲಿ ಗುರುವು ಬರೆದ ಪುಸ್ತಕಕ್ಕಿಂತ ಶಿಷ್ಯನ ಈ ಬಾಳುವೆಯೇ ಬಲವಾದ ಸಾಕ್ಷಿಯೆಂದು ಹೇಳಬೇಕು.

೮. ಸಂಸಾರವೂ ಕಡೆಯ ದಿನಗಳೂ

ಗೊಟ್‌ಫ್ರೀಡ್ ವೈಗ್ಲೆ ಎಂಬ ಅಯ್ಯನವರು ಮೋಗ್ಲಿಂಗ್ ಅಯ್ಯನವರಿಗೆ ಬಂಧುವೂ ಪ್ರಾಣಸ್ನೇಹಿತರೂ ಆಗಿದ್ದರು. ೧೮೪೦ರಲ್ಲಿ ಈ ದೇಶಕ್ಕೆ ಬಂದ ಅವರು ಕನ್ನಡದ ಗೀತೆಗಳಲ್ಲಿಯೂ ಸತ್ಯವೇದದ ಭಾಷಾಂತರದಲ್ಲಿಯೂ ಶ್ರಮಪಟ್ಟು ೧೮೫೫ರಲ್ಲಿ ತೀರಿಹೋದರು. ಅವರ ವಿಧವೆಯಾದ ಪೌಲೀನ ಅಮ್ಮನವರೂ ತಂದೆಯಿಲ್ಲದ ನಾಲ್ಕು ಮಕ್ಕಳೂ ಉಳಿದರು. ಮೋಗ್ಲಿಂಗ್ ಅಯ್ಯನವರು ಪೌಲೀನ ಅಮ್ಮನವರನ್ನು ಮದುವೆಯಾಗಿ ಸ್ನೇಹಿತನ ಮಕ್ಕಳನ್ನು ತಮ್ಮ ಮಕ್ಕಳೆಂದು ಎಣಿಸಿ ಸಾಕಿದರು.

೧೮೬೦ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದರು. ಮರಳಿ ಬರಲು ಆಗಲಿಲ್ಲ. ಅಲ್ಲಿಂದಲೇ ಕನ್ನಡದ ಕೆಲಸವನ್ನು ಮಾಡಿದರು. ಜೈಮಿನಿ ಭಾರತವನ್ನು ಜರ್ಮನ್ ಭಾಷೆಗೆ ತಿರುಗಿಸಲು ತೊಡಗಿದರು. ಯೌವನದ ಸ್ನೇಹಿತರಾಗಿದ್ದು ಮಲೆಯಾಳದಲ್ಲಿ ಹೆಸರಾದ ಗುಂಡೆರ್ಟ್ ಪಂಡಿತರೊಡನೆ ಕೂಡಿ ಹೆಬಿಕ್ ಅಯ್ಯನವರ ಚರಿತ್ರೆಯನ್ನು ಬರೆದರು. ೧೮೮೧ನೆಯ ಮೇ ೧೦ರಂದು ಎಸ್ಲಿಂಗೆನ್ ಎಂಬ ಊರಿನಲ್ಲಿ ನಿದ್ರೆಹೋದರು. ಎಪ್ಪತ್ತು ವರುಷ ತುಂಬುವದಕ್ಕೆ ಇನ್ನೂ ಕೆಲವು ದಿನಗಳು ಇದ್ದವು.

ಅವರು ಬಿತ್ತಿದ್ದನ್ನು ಬೇರೆಯವರು ಕೊಯ್ದರು. ಕೊಡಗಿನ ಕೆಲಸಕ್ಕೆ ಅವರು ಹೋದ ೧೮೫೩ರಲ್ಲಿಯೇ ಫರ್ಡಿನಾಂಡ್ ಕಿಟ್ಟೆಲ್ ಎಂಬ ಯೌವನಸ್ಥರು ಈ ದೇಶಕ್ಕೆ ಬಂದಿದ್ದರು. ಅವರ ಮಹಾ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಆ ಶಬ್ದಗಳಿಗೆ ಆಧಾರವಾಗಿ ಕಿಟ್ಟೆಲ್ ಪಂಡಿತರು ಮುಂದಿಟ್ಟುಕೊಂಡ ಗ್ರಂಥಗಳಲ್ಲಿ ಜೈಮಿನಿ ಭಾರತವೂ ಬಸವಪುರಾಣವೂ ದಾಸರ ಪದಗಳೂ ಗಾದೆಗಳೂ ಸೇರಿದ್ದವು. ಮೋಗ್ಲಿಂಗ್ ಅಯ್ಯನವರು ಆ ನಿಘಂಟನ್ನು ಕಣ್ಣಿಂದ ಕಾಣಲಿಲ್ಲ. ಅದಕ್ಕೆ ಬೇಕಾದ ಕಾಳನ್ನು ಮಾತ್ರ ಕಣದಲ್ಲಿ ರಾಶಿಮಾಡಿಟ್ಟು ಹೋಗಿದ್ದರು.

೯. ನಮಗೆ ಬುದ್ಧಿ

ಸಹೋದರ ಸಹೋದರಿಯರೇ, ಈ ಚರಿತ್ರೆಯನ್ನು ಓದಿ ಒಬ್ಬ ಪರದೇಶದ ಪಂಡಿತನನ್ನು ಹೊಗಳಿ ಸುಮ್ಮನಾದರೆ ಓದಿದ್ದು ವ್ಯರ್ಥ. ನಮ್ಮ ಹಳ್ಳಿಗಳಲ್ಲಿ ಒಂದು ಪ್ರಶ್ನೆಯು ಮನೆಮನೆಯಲ್ಲಿ ಹುಟ್ಟುತ್ತದೆ. ಕ್ರಿಸ್ತನನ್ನು ನಂಬಿದವನು ತನ್ನ ಊರಿನ ಹಾಡು, ಕಥೆ, ಗಾದೆಗಳನ್ನು ಏನು ಮಾಡಬೇಕು? ಕಂಪ್ಲಿಯ ಸುತ್ತಲೂ ಕುಮಾರರಾಮನ ಕಥೆಯನ್ನು ಹಾಡುತ್ತಾ ಬೆಳೆದ ಅಜ್ಜಿಯು ದೀಕ್ಷಾಸ್ನಾನ ಹೊಂದಿದ ದಿನವೇ ಆ ಹಾಡನ್ನು ನುಂಗಿಕೊಳ್ಳುತ್ತಾಳೆ. ಸಂಡೂರಿನ ಗುಡ್ಡದ ಹಳ್ಳಿಯ ಹುಡುಗನಿಗೆ ನಮ್ಮದೆಂಬ ಕನ್ನಡವು ಪ್ರಾರ್ಥನಾಪುಸ್ತಕದ ಕನ್ನಡ ಮಾತ್ರವೆಂದು ತೋರುತ್ತದೆ. ಅಜ್ಜಿ ತೀರಿಹೋದರೆ ಅವಳೊಂದಿಗೆ ಒಂದು ಹಾಡಿನ ಪುಸ್ತಕವೇ ಮಣ್ಣುಪಾಲಾಗುತ್ತದೆ. ಮೊಮ್ಮಗನಿಗೆ ಅದರ ಹೆಸರೂ ತಿಳಿಯದು. ಇಂಥ ನಷ್ಟವನ್ನು ನಂಬಿಕೆ ಕೇಳಲಿಲ್ಲ.

ಪೂಜೆ ಬೇರೆ, ಭಾಷೆ ಬೇರೆ ಎಂಬ ವಿವೇಕವನ್ನು ಮೋಗ್ಲಿಂಗ್ ಅಯ್ಯನವರ ಕೆಲಸವು ನಮಗೆ ಕಲಿಸುತ್ತದೆ. ಆರಾಧನೆಯು ಒಬ್ಬ ದೇವರಿಗೆ ಸಲ್ಲಬೇಕು. ಅದರಲ್ಲಿ ಅವರಿಗೆ ಸಂದೇಹವಿರಲಿಲ್ಲ, ನಮಗೂ ಇರಬಾರದು. ಆದರೆ ಆ ದೃಢತೆಯಿದ್ದವರೇ ದಾಸರ ಪದವನ್ನು ಹೆದರದೆ ಕೈಯಲ್ಲಿ ಹಿಡಿದರು. ಬೇರು ಗಟ್ಟಿಯಾದ ಮರವು ಗಾಳಿಗೆ ಹೆದರದು. ಇಂದು ಹಂಪೆಯಲ್ಲಿ ೧೯೯೧ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯವಿದೆ. ಅಲ್ಲಿ ಹಸ್ತಪ್ರತಿಗಳಿಗಾಗಿ ಒಂದು ವಿಭಾಗವಿದೆ. ಅಲ್ಲಿಗೆ ಹೋಗಿ ಓದುವದಕ್ಕೆ ಯಾವ ಕುಲವೂ ಅಡ್ಡಿಯಲ್ಲ. ನಮ್ಮ ಸಭೆಗಳಿಂದಲೂ ಮಕ್ಕಳು ಅಲ್ಲಿಗೆ ಹೋಗಲಿ. ಹೋಗಲಾರದವರು ಮನೆಯ ಹಿರಿಯರ ಬಾಯಲ್ಲಿರುವ ಹಾಡನ್ನೂ ಗಾದೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ.

ಇನ್ನೊಂದು ಮಾತು. ಒಂದು ದುಡ್ಡಿನ ಪತ್ರಿಕೆಯಲ್ಲಿ ಸರಕಾರದ ಆಜ್ಞೆಗಳಿಗೆ ಸ್ಥಳವನ್ನು ಕೊಟ್ಟದ್ದರಿಂದ ಬಡವನಿಗೂ ತನ್ನ ಹಕ್ಕು ತಿಳಿಯುವ ದಾರಿ ತೆರೆಯಿತು. ಓದು ಬಲ್ಲವನನ್ನು ಮೋಸಮಾಡುವದು ಸುಲಭವಲ್ಲ. ನಿಮ್ಮ ಹಳ್ಳಿಯಲ್ಲಿ ಓದಬಲ್ಲವರು ಓದಲಾರದವರಿಗೆ ದಿನಕ್ಕೆ ಅರ್ಧ ತಾಸು ಪತ್ರಿಕೆಯನ್ನು ಓದಿ ಹೇಳಿದರೆ ಅದೂ ಒಂದು ಸೇವೆಯೇ. ನಿಜವಾದದ್ದನ್ನು ನಿಜವೆಂದೂ ಗಾಳಿಮಾತನ್ನು ಗಾಳಿಮಾತೆಂದೂ ತಿಳಿಸಿ ಹೇಳಬೇಕು. ಕೈಯಲ್ಲಿ ಹಿಡಿಯುವ ಫೋನಿನಲ್ಲಿ ಬಂದದ್ದೆಲ್ಲವನ್ನೂ ನಂಬಿ ಹರಡುವ ಈ ಕಾಲದಲ್ಲಿ ಇದು ಮೊದಲಿಗಿಂತ ಹೆಚ್ಚು ಅಗತ್ಯ.

ಕಡೆಯದಾಗಿ ಜಾತಿಯ ವಿಷಯ. ಬಲ್ಮಠದಲ್ಲಿ ಗುರುಶಿಷ್ಯರು ಒಂದೇ ಅನ್ನವನ್ನು ಉಂಡರು; ಆನಂದಪುರದಲ್ಲಿ ಬ್ರಾಹ್ಮಣನಾಗಿ ಹುಟ್ಟಿದವನು ಹೊಲೆಯರ ಕುರುಬನಾದನು. ನಮ್ಮ ಸಭೆಗಳಲ್ಲಿ ಮದುವೆಯ ಮಾತು ಬಂದಾಗ ಹಳೆಯ ಕುಲದ ವಿಚಾರಣೆಯು ಇನ್ನೂ ತಲೆಯೆತ್ತುತ್ತದೆಯೋ ಇಲ್ಲವೋ ಎಂಬುದನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೇಳಿಕೊಳ್ಳಲಿ. ೧೯೪೭ನೆಯ ಸೆಪ್ಟೆಂಬರ್ ೨೭ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಲಂಡನ್ ಮಿಶನ್ನಿನ ಸಭೆಗಳೂ ಕರಾವಳಿಯ ಬಾಸೆಲ್ ಮಿಶನ್ನಿನ ಸಭೆಗಳೂ ಒಂದಾದವು. ಬಳ್ಳಾರಿಯ ಮೊಳೆಯೂ ಮಂಗಳೂರಿನ ಬರಹವೂ ನೂರು ವರುಷ ಮುಂಚೆಯೇ ಒಂದು ಪತ್ರಿಕೆಯಲ್ಲಿ ಒಂದಾಗಿದ್ದವು. ಸಭೆಗಳು ಒಂದಾದ ಮೇಲೆ ಮನೆಗಳೂ ಒಂದಾಗಬೇಕು. ಕೃಪೆಯುಳ್ಳ ಕರ್ತನು ಅದಕ್ಕೆ ಬೇಕಾದ ಮನಸ್ಸನ್ನು ನಮಗೆ ದಯಪಾಲಿಸಲಿ.